ಉಲ್ಕೆ ಬಿದ್ದ ಕುಳಿಯಲ್ಲೊಂದು ಊರು

ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಈ ಸಲ ಹೋದಾಗ "ಅಮ್ಮಾ, ನಿಂಗೆ ಕಲ್ಲು ಅಂದ್ರೆ ಇಷ್ಟ ಅಲ್ವಾ, ಬಾ" ಅಂತ ನೋರ್ಡ್‌ಲಿಂಗೆನ್‌ಗೆ ಕರೆದುಕೊಂಡು ಹೋದಳು. ಬವೇರಿಯಾ ರಾಜ್ಯದ ಪುಟ್ಟ ಊರು. ಜನ ಸುಮಾರು 20,000, ನಮ್ಮ ಮಧುಗಿರಿಗಿಂತ ಚಿಕ್ಕದು.

ಸುಮಾರು 1.5 ಕೋಟಿ ವರ್ಷಗಳ ಹಿಂದೆ ಇಲ್ಲಿ ಉಲ್ಕೆ ಬಿದ್ದು, 24 ಕಿ.ಮೀ. ಅಗಲದ ಕುಳಿ ಆಗಿದೆ. ಊರು ಅದರೊಳಗೇ ಇದೆ. ಮೊದಲು ಇದನ್ನ ಜ್ವಾಲಾಮುಖಿ ಅಂತಲೇ ನಂಬಿದ್ದರು. 1960ರ ಹೊತ್ತಿಗೆ ಭೂವಿಜ್ಞಾನಿಗಳಾದ ಯೂಜೀನ್ ಶೂಮೇಕರ್, ಎಡ್ವರ್ಡ್ ಚಾವೊ ಇಬ್ಬರೂ ಇಲ್ಲಿನ ಕಲ್ಲಲ್ಲಿ ಕೋಸೈಟ್ ಕಂಡರು. ಭಾರೀ ಒತ್ತಡ ಬಿದ್ದರೇ ಆಗುವ ಖನಿಜ ಅದು, ಜ್ವಾಲಾಮುಖಿಯಲ್ಲಿ ಅಷ್ಟು ಒತ್ತಡ ಇರಲ್ಲ, ಹಾಗಾಗಿ ಇದು ಉಲ್ಕೆಯದ್ದೇ ಕೆಲಸ ಅಂತ ಗೊತ್ತಾಯ್ತು. 1970ರಲ್ಲಿ ಅಪೋಲೊ 14ರ ಗಗನಯಾತ್ರಿಗಳು ಚಂದ್ರನ ಕಲ್ಲು ಗುರುತಿಸೋದನ್ನ ಕಲಿಯೋಕೆ ಇಲ್ಲಿಗೇ ಬಂದಿದ್ದರು.

ಸೇಂಟ್ ಜಾರ್ಜ್ ಚರ್ಚನ್ನ ಕಟ್ಟಿರೋದೂ ಆ ಉಲ್ಕೆ ಹೊಡೆತಕ್ಕೆ ಹುಟ್ಟಿದ ಸ್ಯುವೈಟ್ ಕಲ್ಲಿಂದ. ಗೋಡೆ ಮುಟ್ಟಿ ನೋಡಿದೆ. ನಮ್ಮ ಬೆಟ್ಟದ ಗ್ರಾನೈಟ್ ಥರ ಗಟ್ಟಿ ಅನ್ನಿಸಲಿಲ್ಲ. ಬೂದು ಬಣ್ಣ, ಒರಟು, ನಡುನಡುವೆ ಕರಗಿ ಗಟ್ಟಿಯಾದ ಕಪ್ಪು ಗಾಜಿನ ಚೂರು, ಥೇಟ್ ಕಡಲೆಬೀಜ ಹಾಕಿದ ಚಿಕ್ಕಿ. ಅದರೊಳಗೆ ಸಣ್ಣ ವಜ್ರಗಳೂ ಇವೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಬಿಡಿ, ಕಂಡಿದ್ದರೆ ಚರ್ಚ್ ಉಳೀತಿತ್ತಾ?

ಚರ್ಚಿನ ಗೋಪುರದ ಹೆಸರು ಡೇನಿಯಲ್. 90 ಮೀಟರ್ ಎತ್ತರ, 350 ಮೆಟ್ಟಿಲು. ಮಧುಗಿರಿ ಕೋಟೆ ಹತ್ತಿದ ಕಾಲೇ ಆದರೂ ಮಂಡಿ ಹಿಡಿದುಕೊಂಡಿತು. ಮಂಡಿನೋವಿದ್ದವರು ಈ ಊರಿನ ಕೋಟೆ ಗೋಡೆಯ ಮೇಲೆ ನಡೆಯಿರಿ. 2.7 ಕಿ.ಮೀ., ಊರಿನ ಸುತ್ತ ಪೂರ್ತಿ ಒಂದು ರೌಂಡ್. ಮೇಲೆ ಹೆಂಚಿನ ಮಾಡು ಇದೆ, ಮಳೆ ಬಂದರೂ ಚಿಂತೆ ಇಲ್ಲ, ಟಿಕೆಟ್ಟೂ ಇಲ್ಲ.