ಅಷ್ಟಮಿಯ ಚಂದ್ರ, ಮೇಷ್ಟ್ರ ನಿಂಬೆಹಣ್ಣು

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ಶಾಲೆ ಬಿಟ್ಟ ಮೇಲೆ ಗಣಿತದ ಮೇಷ್ಟ್ರು ನಮ್ಮನ್ನು ಮೈದಾನಕ್ಕೆ ಕರೆದರು. ಅವತ್ತು ಶುದ್ಧ ಅಷ್ಟಮಿ. ಸೂರ್ಯ ಪಡುವಣಕ್ಕೆ ಇಳಿದಿದ್ದ, ಅರ್ಧ ಚಂದ್ರ ಆಗಲೇ ಮೇಲೆ ಬಂದಿದ್ದ. ಮೇಷ್ಟ್ರು ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, "ಚಂದ್ರನ ಪಕ್ಕಕ್ಕೆ ಹಿಡಿಯೋ" ಅಂದರು. ಕೈ ಚಾಚಿ ಹಿಡಿದೆ. ಹಣ್ಣಿನ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು. ಪಕ್ಕದಲ್ಲಿ ಚಂದ್ರನೂ ಥೇಟ್ ಹಾಗೇ! ಚಂದ್ರ ಒಂದು ಉಂಡೆ ಅಂತ ಪುಸ್ತಕದಲ್ಲಿ ಓದಿದ್ದೆ. ಕಣ್ಣಿಗೆ ಕಂಡಿದ್ದು ಅವತ್ತೇ.

ಆಮೇಲೆ ಅವರು ಅರಿಸ್ಟಾರ್ಕಸ್ ಅನ್ನುವ ಖಗೋಳಜ್ಞನ ಬಗ್ಗೆ ಹೇಳಿದರು. ಕ್ರಿ.ಪೂ. 3ನೇ ಶತಮಾನದವನು, ಗ್ರೀಕರ ಸಾಮೋಸ್ ದ್ವೀಪದವನು. ಚಂದ್ರ ಸರಿಯಾಗಿ ಅರ್ಧ ಕಂಡಾಗ ಭೂಮಿ, ಚಂದ್ರ, ಸೂರ್ಯ ಸೇರಿ ಒಂದು ಲಂಬಕೋನ ತ್ರಿಕೋನ. ಚಂದ್ರನ ಮೂಲೆಯಲ್ಲಿ 90 ಡಿಗ್ರಿ. ನಮ್ಮ ಮೂಲೆಯ ಕೋನ 87 ಅಂತ ಅವನು ಹಿಡಿದ. ಹಾಗಾದರೆ ಸೂರ್ಯ ಚಂದ್ರನಿಗಿಂತ 18ರಿಂದ 20 ಪಟ್ಟು ದೂರ. ಆಕಾಶದಲ್ಲಿ ಇಬ್ಬರೂ ಒಂದೇ ಅಳತೆ ಕಾಣುತ್ತಾರೆ, ಅಂದಮೇಲೆ ಸೂರ್ಯ ಅಷ್ಟೇ ಪಟ್ಟು ದೊಡ್ಡವನೂ ಹೌದು. ಅವನ ಲೆಕ್ಕದಲ್ಲಿ ಭೂಮಿಗಿಂತಲೂ ಆರೇಳು ಪಟ್ಟು ಅಗಲ!

ನಿಜವಾದ ಕೋನ 90ಕ್ಕೆ ತೀರಾ ಹತ್ತಿರ, 89.85. ಸೂರ್ಯನ ದೂರ ಸುಮಾರು 400 ಪಟ್ಟು. ಮೇಷ್ಟ್ರು ನನ್ನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಎತ್ತಿ, 87ರಿಂದ 90ರವರೆಗಿನ ಮೂರು ಗೆರೆ ತೋರಿಸಿದರು. ಮೂರೇ ಗೆರೆ ತಪ್ಪಿದ್ದಕ್ಕೆ ಲೆಕ್ಕ ಅಷ್ಟು ದೂರ ಹೋಗಿತ್ತು. ಆದರೂ ಸೂರ್ಯನೇ ದೊಡ್ಡವನು ಅನ್ನುವುದು ಕೆಡಲಿಲ್ಲ. "ಅಷ್ಟು ದೊಡ್ಡದು ಚಿಕ್ಕದನ್ನ ಯಾಕೆ ಸುತ್ತಬೇಕು, ಅಲ್ವಾ? ಅರಿಸ್ಟಾರ್ಕಸನಿಗೂ ಹಾಗೇ ಅನ್ನಿಸಿರಬೇಕು" ಅಂತ ಮೇಷ್ಟ್ರ ಊಹೆ. ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಅಂತ ಅವನು ಬರೆದದ್ದು ಉಳಿದಿಲ್ಲ. ಆರ್ಕಿಮಿಡೀಸ್ ಹೇಳಿದ್ದರಿಂದ ನಮಗೆ ಗೊತ್ತು. ಅದೇ ಮಾತು ಹೇಳುವ ಕೋಪರ್ನಿಕಸ್ ಪುಸ್ತಕ ಬಂದಿದ್ದು ಎಷ್ಟೋ ಕಾಲದ ಮೇಲೆ, 1543ರಲ್ಲಿ.

"ಭೂಮಿ ಓಡಾಡಿದರೆ ನಕ್ಷತ್ರ ಜರುಗಬೇಕಲ್ಲ ಸಾರ್?" ಅಂತ ಗೆಳತಿಯೊಬ್ಬಳು ಕೇಳಿದಳು. ಮೇಷ್ಟ್ರ ಮುಖ ಅರಳಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಆಮೇಲೆ ಕೈ ಚಾಚಿ ನೋಡಿ ಅಂದರು. ದೂರ ಹೋದಷ್ಟೂ ಬೆರಳು ಜರುಗುವುದು ಕಡಿಮೆ. ನಕ್ಷತ್ರಗಳು ಅಷ್ಟು ದೂರ ಇವೆ ಅನ್ನುವುದೇ ಅರಿಸ್ಟಾರ್ಕಸನ ಮಾತೂ ಆಗಿತ್ತು. ಆ ಜರುಗುವಿಕೆಯನ್ನು ಜರ್ಮನ್ ಖಗೋಳಜ್ಞ ಬೆಸೆಲ್ ಅಳೆದು ತೋರಿಸಿದ್ದು 1838ರಲ್ಲಿ.

ಅಷ್ಟರಲ್ಲಿ ಕತ್ತಲಾಗಿತ್ತು. ಮನೆಗೆ ಹೋಗುವುದು ಮರೆತು ನಾವೆಲ್ಲ ನಕ್ಷತ್ರಗಳಿಗೆ ಬೆರಳು ಹಿಡಿದು, ಒಂದೊಂದೇ ಕಣ್ಣು ಮುಚ್ಚುತ್ತ ನಿಂತಿದ್ದೆವು.