ಯಾವ ಪೇಸ್ಟು ಎಂದು ಕೇಳುವವರಿಗೆ

"ಇಂಜಿನ್ ಕವರು ಸೋರದಂತೆ ಕೂರಿಸಲು ಯಾವ ಪೇಸ್ಟು ಹಚ್ಚುತ್ತೀರಿ?" ನನ್ನ ಹಳೆಯ ಯೆಜ್ಡಿ ಬೈಕನ್ನು ಕಂಡವರೆಲ್ಲ ಕೇಳುವುದು ಇದೊಂದನ್ನೇ. ಯಾವುದನ್ನೂ ಹಚ್ಚುವುದಿಲ್ಲ, ಕವರಿಗೂ ಇಂಜಿನ್ನಿಗೂ ನಡುವೆ ಕೂರುವ ಪೇಪರ್ ಪ್ಯಾಕಿಂಗಿನ ಎರಡೂ ಬದಿಗೆ ತೆಳುವಾಗಿ ಗ್ರೀಸು ಸವರುತ್ತೇನೆ, ಅಷ್ಟೇ. ಹಾಗೆಂದರೆ ಗುಟ್ಟು ಬಿಟ್ಟುಕೊಡದ ಜಿಪುಣನನ್ನು ನೋಡುವಂತೆ ನೋಡಿ, "ಜಾವಾ, ಯೆಜ್ಡಿ ಅಂದ ಮೇಲೆ ಸೋರಲೇಬೇಕಲ್ಲವೇ?" ಎಂದು ನಗುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಬಂದ ಗಾಡಿಗಳೆಲ್ಲ ಸೋರುತ್ತಲೇ ಗೇಟು ದಾಟಿದ್ದವು ಎಂಬಂತೆ!

ಒಂದು ಬೀಗರೂಟದಲ್ಲಿ ಪರಿಚಯವಾದವರೊಬ್ಬರು ಮರುವಾರವೇ ತಮ್ಮ ಗಾಡಿಯನ್ನು ತಂದು ನಿಲ್ಲಿಸಿದರು. ಎಡಗಡೆಯ ಕ್ಲಚ್ ಕವರು ಬಿಚ್ಚಿದರೆ, ಒಳಕ್ಕೆ ಹಿಂಡಿಕೊಂಡಿದ್ದ ಸಿಲಿಕೋನ್ ಪೇಸ್ಟು, ಇಂಜಿನ್ನಿನಿಂದ ಕ್ಲಚ್ಚನ್ನು ತಿರುಗಿಸುವ ಪ್ರೈಮರಿ ಚೈನಿನ ಪಕ್ಕ ಶಾವಿಗೆಯಂತೆ ಜೋತಾಡುತ್ತಿತ್ತು. ಜಾವಾ, ಯೆಜ್ಡಿಗಳ ಗೇರ್ ಬಾಕ್ಸಿಗೆ ಆಯಿಲ್ ಪಂಪಿಲ್ಲ, ಗೇರುಗಳು ಎರಚಿಕೊಳ್ಳುವ ಎಣ್ಣೆಯೇ ಸಾಕು, ಹಾಗಾಗಿ ಬಚಾವಾಯಿತು. ಟೈಮಿಂಗ್ ಕವರಿನೊಳಗೇ ಎಣ್ಣೆಯ ದಾರಿಗಳಿರುವ ಹಳೆಯ ಬುಲೆಟ್ಟಿನಲ್ಲಾದರೆ, ಇದೇ ಶಾವಿಗೆಯ ಒಂದು ತುಣುಕು ದಾರಿಗೆ ಸಿಕ್ಕಿಕೊಂಡು ಬೇರಿಂಗನ್ನು ಒಣಗಿಸಿಬಿಡಬಹುದು.

ಪೇಸ್ಟು ಕೆರೆದಾಗ ಕವರಿನ ಅಂಚಿನಲ್ಲಿ ಹಿಂದಾರೋ ಸ್ಕ್ರೂಡ್ರೈವರ್ ತುರುಕಿ ಮೀಟಿದ ಮೂರು ಗಾಯಗಳು ಕಂಡವು. ಅಲ್ಯೂಮಿನಿಯಂ ಮೀಟಿದಲ್ಲಿ ಉಬ್ಬುತ್ತದೆ, ಉಬ್ಬಿನ ಪಕ್ಕದಲ್ಲಿ ಸಂದು ಉಳಿಯುತ್ತದೆ, ಎಷ್ಟು ಬಿಗಿದರೂ ಎಣ್ಣೆ ಅಲ್ಲಿಂದಲೇ ಜಿನುಗುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಕವರಿನ ಮುಖದ ಮೇಲೆ ಮಾರ್ಕರಿನಿಂದ ಗೀಟುಗಳನ್ನೆಳೆದು, ಅವು ಸುತ್ತಲೂ ಒಂದೇ ಸಮನಾಗಿ ಅಳಿಯುವವರೆಗೆ ಕೈ ಭಾರ ಹಾಕದೆ ಉಜ್ಜಿದೆ. ಹೊಸ ಪ್ಯಾಕಿಂಗ್ ಕತ್ತರಿಸಲು ಶೀಟನ್ನು ಕವರಿನ ಮೇಲೆ ಹಾಸಿ, ಸ್ಕ್ರೂಗಳ ತೂತಿನ ಮೇಲೆ ಹಳೆಯ ಬೇರಿಂಗಿನ ಗುಂಡು ಇಟ್ಟು ತಟ್ಟಿದರೆ ಸೊಗಸಾದ ದುಂಡು ಬಿಲ್ಲೆ ಕಳಚಿ ಬೀಳುತ್ತದೆ. ಈ ಕೆಲಸದಲ್ಲಿ ನನಗೆ ಸಂತೋಷ ಕೊಡುವ ಘಟ್ಟ ಅದೊಂದೇ. ಅವರು ಮಾತ್ರ ಪಕ್ಕದಲ್ಲಿ ನಿಂತು ಮತ್ತೆ ಪೇಸ್ಟಿನ ಹೆಸರು ಕೇಳಿದರು.

"ಎಣ್ಣೆ ನಿಜಕ್ಕೂ ಎಲ್ಲಿಂದ ಸೋರುತ್ತಿದೆ?" ಎಂದು ಪೇಸ್ಟಿನ ಹೆಸರು ಕೇಳುವವರಲ್ಲಿ ಒಬ್ಬರಾದರೂ ಕೇಳಿದ್ದರೆ ಕೂರಿಸಿ ಕಾಫಿ ಕೊಡುತ್ತಿದ್ದೆ. ಇಂಜಿನ್ನನ್ನು ಚೆನ್ನಾಗಿ ಒರೆಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ಉದುರಿಸಿ, ಹತ್ತು ನಿಮಿಷ ಓಡಿಸಿದರೆ ಒದ್ದೆಯ ಗೆರೆ ತಾನಾಗಿ ಮೂಡುತ್ತದೆ. ಕವರು ಕೂರಿಸಿದ ಮೇಲೆ ಹೀಗೆ ನೋಡಿದಾಗ, ಆ ಬೀಗರೂಟದ ಪರಿಚಯದವರ ಗಾಡಿಯಲ್ಲಿ ಕವರಿನ ಸುತ್ತ ಪೌಡರು ಬೆಳ್ಳಗೆ ಉಳಿಯಿತು. ಗೆರೆ ಮೂಡಿದ್ದು ಗೇರು ಮತ್ತು ಕಿಕ್ಕರ್ ಎರಡೂ ಆಗಿರುವ ಆ ಒಂದೇ ಲಿವರಿನ ಶಾಫ್ಟಿನ ಬುಡದಲ್ಲಿ. ಅಲ್ಲಿನ ರಬ್ಬರು ರಿಂಗು ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಬದಲಿಸಿದ ಮೇಲೆ ಸೋರಿಕೆ ನಿಂತಿತು.

ಹೌದು, ನನ್ನ ಗಾಡಿಯ ಕೆಳಗೂ ಇವತ್ತು ಬೆಳಿಗ್ಗೆ ಒಂದು ಹನಿ ಬಿದ್ದಿತ್ತು. ಅದು ಡ್ರೈನ್ ಬೋಲ್ಟಿನ ವಾಷರಿನದು, ಕವರಿನದಲ್ಲ.