ಹಿಮಕರಡಿ ಕಾಣಿಸ್ತಾ?

ಸ್ವಾಲ್ಬಾರ್ಡ್‌ನಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಇದೊಂದನ್ನೇ. ಇಲ್ಲ, ಕಾಣಿಸಲಿಲ್ಲ. ಹಾಗಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಅಷ್ಟೊಂದು ದುಡ್ಡು ಸುರಿದು ನಾರ್ವೆಯ ಮುಖ್ಯ ನೆಲಕ್ಕಿಂತಲೂ ಉತ್ತರದಲ್ಲಿರುವ ಅದರದೇ ದ್ವೀಪಗಳಿಗೆ ಹೋಗಿ ಸುಮ್ನೆ ಬಂದೆಯಾ ಅನ್ನುವ ಹಾಗೆ. ನನಗಂತೂ ಒಂಚೂರೂ ಬೇಸರವಿಲ್ಲ.

ಅಲ್ಲಿಯ ದೊಡ್ಡ ಊರು ಲಾಂಗಿಯರ್‌ಬೀನ್, 78 ಡಿಗ್ರಿ ಉತ್ತರದಲ್ಲಿದೆ. ಊರು ಮುಗಿಯುವಲ್ಲಿ ಕೆಂಪು ಅಂಚಿನ ತ್ರಿಕೋನದ ಫಲಕ, ಒಳಗೆ ಬಿಳಿ ಕರಡಿಯ ಚಿತ್ರ. ಕೆಳಗೆ ‘ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ’ ಎಂದು ನಾರ್ವೆಯ ಭಾಷೆಯಲ್ಲಿ ಬರೆದಿದೆ. ನಮ್ಮ ಗೈಡ್ ಹುಡುಗಿ ಆ ಫಲಕದ ಹತ್ತಿರ ನಿಂತು ಬಂದೂಕಿಗೆ ನಾಲ್ಕು ಗುಂಡು ತುಂಬಿದಳು. ಊರೊಳಗೆ ತುಂಬಿದ ಬಂದೂಕು ಹಿಡಿದು ಓಡಾಡುವಂತಿಲ್ಲ. ಸೊಂಟದಲ್ಲಿ ಸಿಗ್ನಲ್ ಪಿಸ್ತೂಲು ಬೇರೆ. ಕರಡಿ ಬಂದರೆ ಮೊದಲು ನಾವು ಹಿಂದೆ ಸರಿಯಬೇಕು, ಆಮೇಲೆ ಪಿಸ್ತೂಲಿನ ಸದ್ದಿನಿಂದ ಓಡಿಸಬೇಕು. ಗುಂಡು ಕಟ್ಟಕಡೆಗೆ. ಜೀವ ಉಳಿಸಿಕೊಳ್ಳಲು ಕೊಂದರೂ ತನಿಖೆ ಆಗುತ್ತದೆ.

2025ರಿಂದ ಕಾನೂನು ಇನ್ನೂ ಬಿಗಿಯಾಗಿದೆ. ಕರಡಿಯಿಂದ 300 ಮೀಟರ್ ದೂರ ಇರಲೇಬೇಕು. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ನನಗೆ ಇದು ಸರಿ ಅನಿಸುತ್ತದೆ. ನಡೆದು ಹೋಗುವಾಗ ಎದುರಾದರೆ ನಮಗೂ ಕೇಡು, ಅದಕ್ಕೂ ಕೇಡು. ಫೋಟೋಗೋಸ್ಕರ ಅದನ್ನು ಬಯಸುವುದು ಹೇಗೆ, ಅಲ್ವಾ?

ವೀಸಾ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಅದು ಶೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಆದರೆ ಹೋಗುವುದೂ ಬರುವುದೂ ಆ ವಲಯದೊಳಗಿರುವ ನಾರ್ವೆಯ ಮುಖ್ಯ ನೆಲದ ಮೂಲಕ, ಅಂದರೆ ವಲಯದೊಳಗೆ ಎರಡು ಸಲ ಕಾಲಿಡಬೇಕು. ಹಾಗಾಗಿ ನಮ್ಮ ಪಾಸ್‌ಪೋರ್ಟ್‌ನವರು ಡಬಲ್ ಎಂಟ್ರಿ ಶೆಂಗೆನ್ ವೀಸಾ ಮಾಡಿಸಿಕೊಳ್ಳಬೇಕು. ಸಿಂಗಲ್ ಎಂಟ್ರಿ ಇದ್ದರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಾಗಾದರೆ ನೋಡಿದ್ದೇನು? ಗಿಡ್ಡ ಕಾಲಿನ, ದುಂಡಗಿನ ಹಿಮಸಾರಂಗಗಳು. ಅವು ನಮ್ಮ ಕಡೆ ತಲೆ ಎತ್ತಿಯೂ ನೋಡದೆ ಮೇಯುತ್ತಿದ್ದವು. ಕಣ್ಣು ಹಾಯಿಸಿದಷ್ಟು ದೂರ ಒಂದೂ ಮರವಿಲ್ಲ. ಮರವೇ ಇಲ್ವಲ್ಲ ಅಂದೆ. ಗೈಡ್ ಮಂಡಿಯೂರಿ ಕೂತು ಪಾಚಿಯನ್ನು ಬೆರಳಲ್ಲಿ ಮೆಲ್ಲಗೆ ಸರಿಸಿದಳು. ಉಗುರಿನಷ್ಟು ಅಗಲದ ಹಸಿರು ಎಲೆ, ದಾರದಂಥ ಕೊಂಬೆ ಪಾಚಿಯೊಳಗೇ ಹರಡಿತ್ತು. ವಿಲೋ ಮರದ ಜಾತಿಯಂತೆ. ಗಾಳಿಗೂ ಚಳಿಗೂ ಹೆದರಿ ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತದೆ. ಬೆಳಿಗ್ಗೆಯಿಂದ ನಾನು ಅದರ ಮೇಲೆಯೇ ನಡೆದಿದ್ದೆ. ಅಲ್ಲಿಂದ ಮುಂದೆ ಕಲ್ಲು ನೋಡಿಕೊಂಡು ಕಾಲಿಟ್ಟೆ.

ವಾಪಸ್ ಬಂದಾಗ ರಾತ್ರಿ ಹನ್ನೊಂದು, ಬಿಸಿಲು ಹಾಗೇ ಇತ್ತು. ಅದೇ ಫಲಕದ ಹತ್ತಿರ ಗೈಡ್ ಗುಂಡುಗಳನ್ನು ಹೊರತೆಗೆದು ಅಂಗೈಯಲ್ಲಿ ಎಣಿಸಿದಳು. ನಾಲ್ಕಕ್ಕೆ ನಾಲ್ಕೂ ಇದ್ದವು.